ಬೊಟ್ಟಿನ ಕೆಳಗಿನ ಒಂದು

2016ರ ಆಗಸ್ಟ್ ತಿಂಗಳಿಡೀ ನಾನು ಒಂದು ಹಸಿರು ಹಲಗೆಯ ಬೆಲೆ ಏರುವುದನ್ನೇ ಕಾಯುತ್ತಾ ಕೂತಿದ್ದೆ. ಹಲಗೆ ನನ್ನದಲ್ಲ. ಮಾರುವವರು ಯಾರೋ, ಕೊಳ್ಳುವವರು ಯಾರೋ. ಏರಿದರೆ ನನಗೆ ಬರುವುದೇನಿಲ್ಲ, ಇಳಿದರೆ ಹೋಗುವುದೂ ಇಲ್ಲ. ಆದರೂ ಬೆಳಿಗ್ಗೆ ಎದ್ದವನು ಬಾಗಿಲಲ್ಲಿ ಬಿದ್ದ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವ ಮೊದಲು ಮೊಬೈಲಿನಲ್ಲಿ ಅದರ ರೇಟು ನೋಡಿ, ‘ಪರವಾಗಿಲ್ಲ, ನಿನ್ನೆಗಿಂತ ಚೇತರಿಸ್ಕೊಂಡಿದೆ’ ಎಂದು ಆಸ್ಪತ್ರೆಯಲ್ಲಿರುವ ಹತ್ತಿರದ ನೆಂಟರ ಸುದ್ದಿ ಹೇಳುವಂತೆ ಹೆಂಡತಿಗೆ ಹೇಳುತ್ತಿದ್ದೆ. ರಿಯೊ ಒಲಿಂಪಿಕ್ಸ್‌ನಲ್ಲಿ ಸಿಂಧು ಫೈನಲ್ ಆಡಿದ ಸಂಜೆ ಇಡೀ ಬೀದಿ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು. ನಾನು ಮಾತ್ರ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡೂ ಕಡೆ ನೋಡುತ್ತಾ, ಸಿಂಧು ಪಾಯಿಂಟ್ ಕಳೆದುಕೊಂಡಾಗ ‘ಶಭಾಷ್’ ಎಂದು ಕೂಗಿ ಮಗನ ಕೈಲಿ ಬೈಸಿಕೊಂಡೆ.

ಹಲಗೆಯ ಹೆಸರು ಆಪಲ್-1. ಸ್ಟೀವ್ ವೋಜ್ನಿಯಾಕ್ ರೂಪಿಸಿ ಸ್ಟೀವ್ ಜಾಬ್ಸ್ ಮಾರಿದ, ಆಪಲ್ ಕಂಪನಿಯ ಚೊಚ್ಚಲ ಕೂಸು. 1976ರಲ್ಲಿ ಇದನ್ನು ಕೊಂಡವರ ಕೈಗೆ ಬರುತ್ತಿದ್ದದ್ದು ಚಿಪ್ಪು ಕೂರಿಸಿದ ಒಂದು ಸರ್ಕ್ಯೂಟ್ ಬೋರ್ಡ್, ಅಷ್ಟೇ. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಡಬ್ಬ ಇಲ್ಲ, ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಕೂಡ ಇಲ್ಲ. ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಂಡ ಮೇಲೂ ಅದು ದೊಡ್ಡಕ್ಷರದ ಇಂಗ್ಲಿಷನ್ನಷ್ಟೇ ಬರೆಯುತ್ತಿತ್ತು, ಸಣ್ಣಕ್ಷರ ಅದಕ್ಕೆ ಬಾರದು. ಮೆಮೊರಿ ನಾಲ್ಕು ಕಿಲೋಬೈಟ್. ಈ ಲೇಖನದ ಮೊದಲೆರಡು ಪ್ಯಾರಾ ಹಾಕುವಷ್ಟರಲ್ಲಿ ಅದಕ್ಕೆ ಹೊಟ್ಟೆ ತುಂಬಿ ತೇಗು ಬಂದಿರುತ್ತದೆ.

‘ಕೀಬೋರ್ಡೂ ಇಲ್ಲ, ಸ್ಕ್ರೀನೂ ಇಲ್ಲ ಅಂದ್ಮೇಲೆ ಅದರಲ್ಲಿ ಇರೋದೇನ್ರೀ?’ ಎಂದಳು ಹೆಂಡತಿ.

‘ಇತಿಹಾಸ’ ಎಂದೆ, ಗತ್ತಿನಿಂದ.

‘ಅದರ ಧೂಳು ಒರೆಸೋರ್ಯಾರು?’

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಮಟ್ಟಕ್ಕೆ ನಾನು ಆಗ ಇಳಿಯುವಂತಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾನು ವಿದ್ವಾಂಸನಾಗಿದ್ದೆ. ಮೌಂಟನ್ ವ್ಯೂನಲ್ಲಿ ಬೈಟ್ ಶಾಪ್ ಎಂಬ ಅಂಗಡಿ ಇಟ್ಟಿದ್ದ ಪಾಲ್ ಟೆರೆಲ್ ಒಂದಕ್ಕೆ 500 ಡಾಲರಿನಂತೆ 50 ಕಂಪ್ಯೂಟರಿಗೆ ಆರ್ಡರ್ ಕೊಟ್ಟದ್ದು, ಕೆಲಸ ಶುರುಮಾಡುವ ದುಡ್ಡಿಗಾಗಿ ಜಾಬ್ಸ್ ತನ್ನ ಫೋಕ್ಸ್‌ವ್ಯಾಗನ್ ವ್ಯಾನನ್ನೂ ವೋಜ್ನಿಯಾಕ್ ತನ್ನ ಎಚ್‌ಪಿ-65 ಕ್ಯಾಲ್ಕುಲೇಟರನ್ನೂ ಮಾರಿದ್ದು, ತಂದು ಕೊಟ್ಟಾಗ ಬರೀ ಬೋರ್ಡು ನೋಡಿ ಟೆರೆಲ್ ಮುಖ ಸಪ್ಪಗಾದದ್ದು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ತರಕಾರಿ ಗಾಡಿಯವನಿಗೂ ಹೇಳಿದ್ದೇನೆ. ಅಂಗಡಿಯ ಬೆಲೆ 666 ಡಾಲರ್ 66 ಸೆಂಟ್. ಒಂದೇ ಅಂಕಿ ಸಾಲಾಗಿ ಬಂದರೆ ವೋಜ್ನಿಯಾಕ್‌ಗೆ ಖುಷಿಯಂತೆ. 666 ಸೈತಾನನ ಸಂಖ್ಯೆ ಎಂದು ಅಲ್ಲಿನ ಕ್ರೈಸ್ತರು ಹೌಹಾರಿದಾಗಲೇ ಆ ಪುಣ್ಯಾತ್ಮನಿಗೆ ವಿಷಯ ಗೊತ್ತಾದದ್ದು. ನಮ್ಮ ಕಡೆಯವರಾಗಿದ್ದರೆ ಮುಯ್ಯಿಗೆ ಇಟ್ಟ ಹಾಗೆ ಕೊನೆಗೊಂದು ಸೇರಿಸಿ 667 ಮಾಡಿ ದೋಷ ಪರಿಹಾರ ಮಾಡಿಬಿಡುತ್ತಿದ್ದರು.

ತಯಾರಾದದ್ದು ಸುಮಾರು 200. ಮಾರನೇ ವರ್ಷ ಆಪಲ್-2 ಬಂತು. ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು ಕಂಪನಿಯೇ ಎಕ್ಸ್‌ಚೇಂಜ್ ಮೇಳ ನಡೆಸಿತು, ವಾಪಸು ಬಂದ ಬೋರ್ಡುಗಳನ್ನು ನಾಶಮಾಡಿತು. ಉಳಿದವು ನೂರಕ್ಕೂ ಕಡಿಮೆ. ಅಲ್ಲಿಗೆ ಬೆಲೆ ಹುಚ್ಚು ಹಿಡಿದು ಓಡತೊಡಗಿತು. 2012ರಲ್ಲಿ ನ್ಯೂಯಾರ್ಕಿನ ಸೋದಬೀಸ್‌ನಲ್ಲಿ ಒಂದು 3,74,500 ಡಾಲರಿಗೆ ಹೋಯಿತು. 2014ರಲ್ಲಿ ಬಾನಮ್ಸ್ ಹರಾಜಿನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ ಇನ್ನೊಂದನ್ನು 9,05,000 ಡಾಲರ್ ಕೊಟ್ಟು ಕೊಂಡಿತು. ನಾನು ಕಾಯುತ್ತಿದ್ದ ಹಲಗೆ ಇನ್ನೂ ವಿಶೇಷದ್ದು. ಗೊತ್ತಿರುವ ತಯಾರಿಕೆಯ ಕಂತುಗಳಿಗೇ ಸೇರದ ಬೋರ್ಡು ಇದು ಎಂದು ಆಪಲ್-1 ಬಲ್ಲವರು ಹೇಳಿದ್ದರು. ಹಳೆಯ ಕೈಪಿಡಿ, ಕ್ಯಾಸೆಟ್ ಜೋಡಿಸುವ ಕಾರ್ಡ್ ಸಮೇತ ಚಾರಿಟಿಬಜ್ ಎಂಬಲ್ಲಿ ಆನ್‌ಲೈನ್ ಹರಾಜಿಗಿಟ್ಟಿದ್ದರು. ಬಂದದ್ದರಲ್ಲಿ ಶೇ 10 ರಕ್ತದ ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವ ಸಂಸ್ಥೆಗೆ. ಹೀಗಾಗಿ ನಾನು ಕಚೇರಿಯಲ್ಲಿ ಕೆಲಸ ಬಿಟ್ಟು ಅದನ್ನು ನೋಡುತ್ತಾ ಕೂರುವುದೂ ಒಂದು ಬಗೆಯ ಸಮಾಜಸೇವೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈ ಸಲ ಹತ್ತು ಲಕ್ಷ ಡಾಲರ್ ದಾಟಿಯೇ ದಾಟುತ್ತದೆ ಎನ್ನುವುದು ನನ್ನ ಹಟ. ಕಾಯಿಪಲ್ಯದ ಗಾಡಿಯ ಮುಂದೆ ನಿಂತು, ಮೆಂತ್ಯ ಸೊಪ್ಪಿನ ಕಟ್ಟಿಗೆ ಹದಿನೈದು ಎಂದರೆ ‘ಹನ್ನೆರಡು ಮಾಡ್ಕೊಳ್ಳಪ್ಪ’ ಎನ್ನುವ ಇದೇ ಬಾಯಿ ಮನೆಗೆ ಬಂದು, ‘ಐದು ಲಕ್ಷ ಡಾಲರ್ ಏನೇನೂ ಅಲ್ಲ, ಅವಮಾನ’ ಎನ್ನುತ್ತಿತ್ತು. ಬೇರೆಯವರ ದುಡ್ಡಿನ ವಿಷಯದಲ್ಲಿ ನಾನು ಮೊದಲಿಂದಲೂ ಉದಾರಿ.

ಎದುರು ಮನೆಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ. ಒಂದು ಸಂಜೆ ವಾಕಿಂಗಿನಲ್ಲಿ ಅವರಿಗೆ ವಿಷಯ ಹೇಳಿದೆ. ಅವರು ನಗಲಿಲ್ಲ, ಅದೇ ತೊಂದರೆಯಾದದ್ದು. ಗಂಭೀರವಾಗಿ ನಿಂತು, ‘ದುಡ್ಡು ಹೊರಗೆ ಕಳಿಸೋದು ಹೇಗೆ ಅಂತ ಯೋಚ್ನೆ ಮಾಡಿದೀರಾ?’ ಎಂದರು. ದುಡ್ಡು ಇದೆಯೇ ಎಂದು ಕೇಳದೆ ಕಳಿಸುವುದು ಹೇಗೆ ಎಂದು ಕೇಳಿದ ಮೊದಲ ಮನುಷ್ಯ ಅವರು. ನನಗೆ ಎದೆ ಉಬ್ಬಿತು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನಷ್ಟು ಮಾತ್ರ ಹೊರದೇಶಕ್ಕೆ ಕಳಿಸಬಹುದು, ಚಿಕ್ಕ ಮಕ್ಕಳ ಹೆಸರಿನಲ್ಲೂ ಕಳಿಸಬಹುದು. ಕಲ್ಲುಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆವು. ನಾನು, ಹೆಂಡತಿ, ಅಮ್ಮ, ಮಗ: ಒಟ್ಟು ಹತ್ತು ಲಕ್ಷ ಡಾಲರ್. ಅದರಾಚೆ ಹೋದರೆ ತಿಪಟೂರಿನಿಂದ ಮಾವನವರನ್ನು ಕರೆಸಬೇಕು.

‘ಎಲ್ಲರದ್ದೂ ಪ್ಯಾನ್ ಕಾರ್ಡ್ ಇದೆ ತಾನೇ?’

‘ಅಮ್ಮನದಿಲ್ಲ.’

‘ಅದೊಂದು ಮಾಡಿಸ್ಬಿಡಿ’ ಎಂದು ಅವರು ಎದ್ದರು. ಅಂದರೆ ನನಗೂ ಆಪಲ್-1ಕ್ಕೂ ನಡುವೆ ನಿಂತಿದ್ದದ್ದು ಅಮ್ಮನ ಪ್ಯಾನ್ ಕಾರ್ಡ್ ಒಂದೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಅವರೇ ಬಾಗಿಲು ತಟ್ಟಿದರು. ಅವರಿಗೂ ನಿದ್ದೆ ಬಂದಿರಲಿಲ್ಲ. ಬಳಸಿದ ಕಂಪ್ಯೂಟರನ್ನು ಹೊರದೇಶದಿಂದ ತರಿಸಲು ಸರ್ಕಾರದ ಪರವಾನಗಿ ಬೇಕು, ಅಲ್ಲಿನ ಕಸವೆಲ್ಲ ಇಲ್ಲಿಗೆ ಬಂದು ಬೀಳದಿರಲಿ ಅಂತ ಮಾಡಿದ ನಿಯಮ. ‘ಪುರಾತನ ವಸ್ತು ಅಂತ ತೋರಿಸಿದ್ರೆ?’ ಎಂದೆ. ಅದನ್ನೂ ಅವರು ನೋಡಿಟ್ಟುಕೊಂಡಿದ್ದರು. ಕಸ್ಟಮ್ಸ್ ಪಟ್ಟಿಯಲ್ಲಿ ಆ ಸಾಲಿಗೆ ಸೇರಲು ವಸ್ತುವಿಗೆ ನೂರು ವರ್ಷ ಮೀರಿರಬೇಕು. 1976ಕ್ಕೆ ನೂರು ಕೂಡಿಸಿದೆವು. ‘2076ರ ತನಕ ಕಾಯ್ಬೇಕಾಗುತ್ತೆ’ ಎಂದು ಅವರು ಬೇಜಾರಿನಿಂದ ಹೇಳಿದರು. ಅವರಿಗೆ ಆಗ ಎಪ್ಪತ್ತರ ಹತ್ತಿರ.

ಕೊಳ್ಳುವ ದಾರಿ ಹೀಗೆ ಮುಚ್ಚಿದ ಮೇಲೆ ನನ್ನ ತಲೆ ಮಾರುವ ಕಡೆ ತಿರುಗಿತು. ಅದಕ್ಕೊಂದು ಕಾರಣವೂ ಇತ್ತು. ಹಿಂದಿನ ವರ್ಷ, 2015ರಲ್ಲಿ, ಸಿಲಿಕಾನ್ ವ್ಯಾಲಿಯ ಮಹಿಳೆಯೊಬ್ಬರು ಗಂಡ ತೀರಿಕೊಂಡ ಮೇಲೆ ಗ್ಯಾರೇಜ್ ಚೊಕ್ಕಟ ಮಾಡಿ, ಹಳೇ ಎಲೆಕ್ಟ್ರಾನಿಕ್ ಸಾಮಾನಿನ ಪೆಟ್ಟಿಗೆಗಳನ್ನು ಮಿಲ್ಪಿಟಾಸ್‌ನ ಮರುಬಳಕೆ ಕೇಂದ್ರದಲ್ಲಿ ಇಟ್ಟು ರಸೀದಿಯನ್ನೂ ಪಡೆಯದೆ ಹೋಗಿದ್ದರು. ಕೆಲವು ವಾರಗಳಾದ ಮೇಲೆ ಪೆಟ್ಟಿಗೆ ತೆರೆದರೆ ಒಳಗೆ ಆಪಲ್-1. ಅದು ಎರಡು ಲಕ್ಷ ಡಾಲರಿಗೆ ಮಾರಾಟವಾಯಿತು. ಅರ್ಧ ಪಾಲು, ಒಂದು ಲಕ್ಷ ಡಾಲರ್, ಆಕೆಗೆ ಕೊಡಬೇಕೆಂದು ಕೇಂದ್ರದವರು ಊರೆಲ್ಲ ಹುಡುಕಿದರು.

ನಮ್ಮ ಮನೆಯ ಸಜ್ಜಾ ಮೇಲೂ ಪೆಟ್ಟಿಗೆಗಳಿವೆ. ಪ್ರತಿ ಯುಗಾದಿಗೂ ಹೆಂಡತಿ ಅವನ್ನು ಗುಜರಿಗೆ ಹಾಕಲು ಇಳಿಸುವುದು, ನಾನು ‘ಬೇಕಾಗುತ್ತೆ’ ಎಂದು ಮತ್ತೆ ಹತ್ತಿಸುವುದು ನಡೆದುಬಂದ ಪದ್ಧತಿ. ಈ ಸುದ್ದಿ ಓದಿದ ಮೇಲೆ ನಾನೇ ಏಣಿ ಹಾಕಿ ಹತ್ತಿದೆ. ಸಿಕ್ಕಿದ್ದು ಒಂದು ಪೆಂಟಿಯಮ್ ಮದರ್‌ಬೋರ್ಡ್, ಫ್ಲಾಪಿ ಡ್ರೈವ್, ಹಾವಿನ ಹುತ್ತದಂತೆ ಗಂಟುಬಿದ್ದ ವೈರು, ಮತ್ತು ಹೆಂಡತಿ ಎರಡು ವರ್ಷದಿಂದ ಹುಡುಕುತ್ತಿದ್ದ ಒತ್ತುಶ್ಯಾವಿಗೆಯ ಬಿಲ್ಲೆ. ಬಿಲ್ಲೆ ಬಿಟ್ಟು ಉಳಿದದ್ದನ್ನು ಟವಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ಆ ರಸ್ತೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ತಲೆಯ ಮೇಲೆ ಕೇಬಲ್ಲು, ಕಾಲ ಕೆಳಗೆ ಥರ್ಮಾಕೋಲು, ನಡುವೆ ಕಂಪ್ಯೂಟರಿನ ಯಾವ ಭಾಗ ಬೇಕಾದರೂ ಸಿಗುತ್ತದೆ. ಬಾಗಿಲಿನಷ್ಟೇ ಅಗಲದ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಕೂತಿದ್ದ. ನಾನು ಟವಲ್ ಬಿಚ್ಚಿ, ಬೋರ್ಡನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಅವನು ಒಂದು ಕೈಯಲ್ಲಿ ಈಸಿಕೊಂಡು ತಕ್ಕಡಿಗೆ ಹಾಕಿದ.

‘ಇದು ವಿಂಟೇಜ್ ಕಣಪ್ಪಾ’ ಎಂದೆ.

‘ಹೂಂ ಅಂಕಲ್, ಹಳೇದ್ರಲ್ಲಿ ಸ್ವಲ್ಪ ಗೋಲ್ಡ್ ಜಾಸ್ತಿ ಇರುತ್ತೆ. ಅದಕ್ಕೇ ಕೆಜಿಗೆ ಬೇರೆ ರೇಟು.’

ಅವನು ಹೇಳಿದ ರೇಟಿನಲ್ಲಿ ನನ್ನ ಆಟೋ ಬಾಡಿಗೆಯ ಅರ್ಧ ಹುಟ್ಟುತ್ತಿತ್ತು. ಬೋರ್ಡನ್ನು ಮತ್ತೆ ಟವಲಿಗೆ ಸುತ್ತುತ್ತಿರುವಾಗ ಅವನು ಕೇಳಿದ: ‘ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಏನಾದ್ರೂ ಇದ್ಯಾ ಅಂಕಲ್? ಬಿಲ್ಲಿಂಗ್ ಅಂಗಡಿಯವರು ಈಗ್ಲೂ ಕೇಳ್ತಾರೆ. ಒಳ್ಳೇ ಬೆಲೆ ಕೊಡ್ತೀನಿ.’ ಇತ್ತು. ಹಿಂದಿನ ದೀಪಾವಳಿಯಲ್ಲಿ ಹೆಂಡತಿ ಇರಲಿ ಎಂದರೂ ನಾನೇ ‘ಈ ಡಕೋಟಾನ ಯಾರು ತಗೋತಾರೆ’ ಎಂದು ಖಾಲಿ ಬಾಟಲಿಗಳ ಜೊತೆ ಗುಜರಿಯವನ ಗಾಡಿಗೆ ಏರಿಸಿದ್ದೆ. ಮನೆಯಲ್ಲಿ ಈ ಭಾಗವನ್ನು ಇವತ್ತಿನವರೆಗೂ ಹೇಳಿಲ್ಲ.

ಆಗಸ್ಟ್ 25 ಬಂತು. ಹರಾಜಿನ ಕೊನೆಯ ದಿನ. ಅವತ್ತೇ ಕೃಷ್ಣಾಷ್ಟಮಿ. ಅಲ್ಲಿ ಹಗಲು, ಇಲ್ಲಿ ರಾತ್ರಿ, ಮನೆಯಲ್ಲಿ ಇಬ್ಬರು ಜಾಗರಣೆ. ಅಮ್ಮ ಕೃಷ್ಣ ಹುಟ್ಟುವುದಕ್ಕೆ, ನಾನು ಮಿಲಿಯನ್ ಹುಟ್ಟುವುದಕ್ಕೆ. ಚಕ್ಕುಲಿಯ ಡಬ್ಬಕ್ಕೆ ಕೈಹಾಕಿ ಒಮ್ಮೆ ಬೈಸಿಕೊಂಡೆ, ಅರ್ಘ್ಯ ಆಗುವ ತನಕ ಯಾರೂ ಮುಟ್ಟುವಂತಿಲ್ಲ.

ನನ್ನ ಭಯ ಬೇರೆಯೇ. ನೋಡುವುದಕ್ಕೆ ಅನುಕೂಲವಾಗಲಿ ಎಂದು ಖಾತೆ ತೆರೆದು, ಕ್ರೆಡಿಟ್ ಕಾರ್ಡ್ ಸಂಖ್ಯೆಯನ್ನೂ ಕೊಟ್ಟುಬಿಟ್ಟಿದ್ದೆ. ಪರದೆಯ ಮೇಲೆ ಬೆಲೆ, ಬೆಲೆಯ ಕೆಳಗೆ ಸವಾಲು ಹಾಕುವ ಬಟನ್. ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮುಟ್ಟದಿದ್ದರೂ ಮುಟ್ಟಿದರು ಎಂದು ತಿಳಿಯುವ ಜಾತಿ. ಒಂದು ನೊಣ ಕೂತರೆ ಸಾಕು, ಮನೆ, ಸೈಟು, ಅಮ್ಮನ ಎರಡೆಳೆ ಸರ, ಎಲ್ಲ ಕ್ಯಾಲಿಫೋರ್ನಿಯಾಕ್ಕೆ. ಯೋಚಿಸಿ ಬಚ್ಚಲುಮನೆಗೆ ಹೋದೆ. ಅಲ್ಲಿ ಕನ್ನಡಿಯ ಅಂಚಿಗೆ ಹೆಂಡತಿ ಅಂಟಿಸಿಟ್ಟ ಸ್ಟಿಕ್ಕರ್ ಬೊಟ್ಟುಗಳ ಸಾಲಿದೆ. ಇದ್ದುದರಲ್ಲಿ ದೊಡ್ಡದನ್ನು, ಹಬ್ಬಕ್ಕೆ ಇಡುವ ಕೆಂಪನೆಯದನ್ನು, ಕಿತ್ತು ತಂದು ಸರಿಯಾಗಿ ಬಟನ್ನಿನ ಮೇಲೆ ಅಂಟಿಸಿದೆ. ಅದರಿಂದ ಕ್ಲಿಕ್ಕು ತಪ್ಪುವುದಿಲ್ಲ, ನಿಜ. ಕಣ್ಣಿಗೆ ಕಾಣದಿದ್ದರೆ ಕೈ ಹೋಗುವುದಿಲ್ಲ ಎನ್ನುವುದು ನನ್ನ ಎಣಿಕೆ. ಡಾಕ್ಟರು ಸಿಹಿ ಬೇಡ ಎಂದ ಮೇಲೆ ಮನೆಯಲ್ಲಿ ಸಕ್ಕರೆ ಡಬ್ಬವನ್ನು ಇದೇ ತತ್ವದಲ್ಲಿ ಬಚ್ಚಿಟ್ಟಿದ್ದಾರೆ.

ಕೊನೆಯ ಹೊತ್ತಿನಲ್ಲಿ ಬೆಲೆ ಜಿಗಿಯಿತು. ನೋಡನೋಡುತ್ತಲೇ ಫೋರ್ಡ್ ಮ್ಯೂಸಿಯಂನ ದಾಖಲೆ ಹಿಂದೆ ಬಿತ್ತು, ಹತ್ತು ಲಕ್ಷ ದಾಟಿತು, 12 ಲಕ್ಷ ಡಾಲರಿಗೆ ಬಂತು. ಆ ದಿನದ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿ! ನಾನು ಎದ್ದು ನಿಂತಿದ್ದೆ. ಎದುರು ಮನೆಯಲ್ಲೂ ದೀಪ ಉರಿಯುತ್ತಿತ್ತು.

ಬೆಲೆ ಅಲ್ಲಿಯೇ ನಿಂತಿತು. ಕಾದೆ. ತಡೆಯಲಾರದೆ ಪುಟವನ್ನು ಹೊಸದಾಗಿ ತೆರೆದೆ. ಬ್ರೌಸರಿನದೇ ಏನೋ ಸೂಚನೆಯ ಪಟ್ಟಿ ಮೇಲೆ ಬಂದು ಕೂತಿತು, ಪುಟವೆಲ್ಲ ಎರಡು ಬೆರಳಿನಷ್ಟು ಕೆಳಗೆ ಸರಿಯಿತು. ಬಟನ್ನು ಇದ್ದಲ್ಲಿಗೆ ಬೆಲೆ ಬಂತು. ಬೊಟ್ಟು ಎಲ್ಲಿತ್ತೋ ಅಲ್ಲೇ ಇತ್ತು. ಈಗ ಕಂಡದ್ದು: ಒಂದು ಕೆಂಪು ಬೊಟ್ಟು, ಅದರ ಪಕ್ಕದಲ್ಲಿ 815,000, ಕೆಳಗೆ ಹರಾಜು ಮುಗಿಯಿತು ಎಂಬ ಸಾಲು.

ಬೊಟ್ಟಿನ ಕೆಳಗೆ ಏನಿದೆ ಎಂದು ಯಾರಾದರೂ ಹೇಳಬಹುದು. ಹನ್ನೆರಡು ಲಕ್ಷದಲ್ಲಿದ್ದದ್ದು ಮುಂದಕ್ಕೆ ತಾನೇ ಹೋಗಬೇಕು? ಕೆಳಗಿರುವುದು ಒಂದು. ಅಂದರೆ ಹದಿನೆಂಟು ಲಕ್ಷದ ಹದಿನೈದು ಸಾವಿರ! ಹೋಯ್ ಎಂದು ಕಿರುಚಿದ ರಭಸಕ್ಕೆ ದೇವರ ಮನೆಯಲ್ಲಿದ್ದ ಅಮ್ಮ, ‘ಕೃಷ್ಣಾ’ ಎಂದು ಕೈಯಲ್ಲಿದ್ದ ಹಾಲಿನ ಬಟ್ಟಲು ಬಿಟ್ಟರು. ನಾನು ಮೊಬೈಲ್ ಎತ್ತಿಕೊಂಡು ಹೆಂಡತಿಯ ಕಡೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ: ‘ಮುಗೀತು!!! 18 ಲಕ್ಷ 15 ಸಾವಿರ!!!’

ಅಷ್ಟು ಹೊತ್ತಿಗೆ ಹೆಂಡತಿ ಎದ್ದು ಬಂದಳು. ಪರದೆ ನೋಡಿದಳು. ‘ನನ್ನ ಸೀರೆ ಮ್ಯಾಚಿಂಗ್ ಬೊಟ್ಟು ಇಲ್ಲಿದ್ಯಾ?’ ಎಂದು ಉಗುರಿನಿಂದ ಕಿತ್ತು ಹಣೆಗಿಟ್ಟುಕೊಂಡಳು. ಕೆಳಗಿದ್ದದ್ದು ಬರೀ ಡಾಲರಿನ ಗುರುತು.

ಆದದ್ದಿಷ್ಟೇ. ಕೊನೆಯ ನಿಮಿಷಗಳಲ್ಲಿ ಆ 12 ಲಕ್ಷದ ಕೂಗು ರದ್ದಾಗಿತ್ತು. ಹಲಗೆ 8,15,000 ಡಾಲರಿಗೆ ಹೋಯಿತು. ನಡುವಿನ ವ್ಯತ್ಯಾಸ 3,85,000 ಡಾಲರ್, ರೂಪಾಯಿಯಲ್ಲಿ ಎರಡೂವರೆ ಕೋಟಿಯ ಮೇಲೆ. ಅಷ್ಟೂ ನನ್ನ ಜೇಬಿನಿಂದಲೇ ಹೋದಂತೆ ಕಾಲು ನಡುಗಿ ಕುರ್ಚಿಯಲ್ಲಿ ಕುಸಿದೆ. ಮಿಲಿಯನ್ ಎಲ್ಲಿ, ದಾಖಲೆ ಎಲ್ಲಿ, ಫೋರ್ಡ್ ಮ್ಯೂಸಿಯಂನವರ ಮುಂದೆ ನಾವು ತಲೆ ಎತ್ತುವುದು ಹೇಗೆ! ಅಮ್ಮ ಬಂದು ಒಂದು ಚಕ್ಕುಲಿ ಕೈಗಿಟ್ಟು, ‘ತಿನ್ನು, ಈಗ ತಿನ್ನಬಹುದು’ ಎಂದರು.

ಆ ಸಂಕಟದಲ್ಲಿ ಗುಂಪಿಗೆ ಹಾಕಿದ ಸುದ್ದಿಯ ನೆನಪೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಅದರಲ್ಲಿ ಕಂಪ್ಯೂಟರ್ ಎಂಬ ಪದವಿಲ್ಲ, ಹರಾಜು ಎಂಬ ಪದವಿಲ್ಲ, ಡಾಲರ್ ಅಂತೂ ಇಲ್ಲವೇ ಇಲ್ಲ. ಕಳಿಸಿದ್ದನ್ನು ಎಲ್ಲರ ಮೊಬೈಲಿನಿಂದಲೂ ಅಳಿಸುವ ಅನುಕೂಲವನ್ನು ವಾಟ್ಸ್‌ಆ್ಯಪ್ ಕೊಟ್ಟದ್ದು 2017ರಲ್ಲಿ. ನನ್ನ ಮಟ್ಟಿಗೆ ಒಂದು ವರ್ಷ ತಡ. ಐದು ಕೋಟಿ ಎಂದು ಬರೆದಿದ್ದರೆ ಒಬ್ಬರೂ ನಂಬುತ್ತಿರಲಿಲ್ಲ. ಹದಿನೆಂಟು ಲಕ್ಷ ರೂಪಾಯಿ ಮಾತ್ರ ಬಲು ಅಪಾಯದ ಮೊತ್ತ, ನಮ್ಮಂಥವರ ಹತ್ತಿರ ಇದ್ದರೂ ಇರಬಹುದು. ವಿಷಯ ಮೊದಲೇ ಬಲ್ಲ ಮಗ ಗುಂಪಿನಲ್ಲಿ ಕೇಳಿದವರಿಗೆಲ್ಲ ‘ಅಪ್ಪನ ಕಂಪ್ಯೂಟರ್’ ಎಂದಷ್ಟೇ ಉತ್ತರ ಕೊಟ್ಟು ಸ್ಕೂಲಿಗೆ ಹೋಗಿದ್ದ.

ಮೊದಲು ಭಾವಮೈದನ ಫೋನು. ‘ಭಾವ, ಕಂಗ್ರಾಟ್ಸ್. ಆ ಸೈಟು ರಿಜಿಸ್ಟ್ರೇಷನ್‌ಗೆ ಅಂತ ಇಸ್ಕೊಂಡಿದ್ರಲ್ಲ, ಅರ್ಜೆಂಟ್ ಏನಿಲ್ಲ. ಸುಮ್ನೆ ನೆನಪಾಯ್ತು.’ ಆಮೇಲೆ ತಿಪಟೂರಿನಿಂದ ಮಾವನವರು. ಜೀವಮಾನವಿಡೀ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ನೋಡಿದ ಜೀವ.

‘ಅಳಿಯಂದ್ರೇ, ಹದಿನೆಂಟು ಲಕ್ಷ ಕೊಟ್ರಂತೆ?’

‘ಇಲ್ಲ ಮಾವ, ನಾನು ಕೊಟ್ಟಿಲ್ಲ. ಅಮೆರಿಕದಲ್ಲಿ ಯಾರೋ ಕೊಟ್ರು.’

‘ನಿಮಗಾ?’

ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದೆ. ಆಪಲ್-1, 12 ಲಕ್ಷದ ಕೂಗು, ಅದು ಹಿಂದೆ ಸರಿದದ್ದು. ಬೊಟ್ಟಿನ ವಿಷಯ ಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು. ಕೀಬೋರ್ಡ್ ಇಲ್ಲದ್ದಕ್ಕೆ ಅವರಿಗೆ ಏನೂ ಅನ್ನಿಸಲಿಲ್ಲ. ಕೂಗಿದವನ ಮೇಲೆ ಮಾತ್ರ ವಿಪರೀತ ಸಿಟ್ಟು ಬಂತು. ‘ಕೂಗಿ ಆದ್ಮೇಲೆ ಕೈಯೆತ್ತೋದಾ? ನಮ್ಮೂರಲ್ಲಾದ್ರೆ ಅಂಥೋನು ಮತ್ತೆ ಯಾರ ಅಂಗಡಿ ಮುಂದೆ ತಲೆ ಎತ್ಕೊಂಡು ಓಡಾಡ್ತಾನೆ? ಅವನ ಹೆಸರೇನು?’ ಹೆಸರು ಗೊತ್ತಿಲ್ಲ ಎಂದೆ. ‘ಹೆಸರೂ ಕೇಳ್ದೆ ವ್ಯಾಪಾರ ನೋಡ್ತಾ ಕೂತಿದ್ರಾ ರಾತ್ರಿಯೆಲ್ಲ?’ ಎಂದು ಮಗಳಿಗೆ ಫೋನ್ ಕೊಡಲು ಹೇಳಿದರು. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಮಧ್ಯೆ ಮಧ್ಯೆ ‘ಹೂಂ ಅಪ್ಪ, ಮುಂಚಿಂದಾನೂ ಹಾಗೇ’ ಎನ್ನುವುದು ಕೇಳಿಸುತ್ತಿತ್ತು.

ಸಂಜೆ ಗಣೇಶನ ಹಬ್ಬದ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು. ಹಬ್ಬ ಸೆಪ್ಟೆಂಬರ್ ಮೊದಲ ವಾರ, ಪೆಂಡಾಲಿನ ಗಳ ಆಗಲೇ ಬಂದು ಬಿದ್ದಿದ್ದವು. ಎದುರು ಮನೆಯ ಮ್ಯಾನೇಜರೂ ಅವರ ಜೊತೆಗಿದ್ದರು. ಸುದ್ದಿ ಯಾರ ಮೂಲಕ ಹೋಗಿದೆಯೆಂದು ಕೇಳಬೇಕಾಗಲಿಲ್ಲ.

‘ಸರ್, ನೀವು ಹದಿನೆಂಟು ಲಕ್ಷದ ಪಾರ್ಟಿ. ಈ ಸಲ ಐದು ಸಾವಿರದೊಂದು ಬರೀಲಾ?’

‘ಅಯ್ಯೋ, ನಾನು ಬರೀ ನೋಡ್ತಿದ್ದೆ ಕಣಪ್ಪಾ.’

‘ನಾವೂ ಬರೀ ಕೇಳ್ತಿದೀವಿ ಸರ್.’

ನಾನು ಸತ್ಯಸಂಧನಂತೆ ಲೆಕ್ಕ ಒಪ್ಪಿಸಲು ಹೋದೆ. ‘ಹದಿನೆಂಟು ಅನ್ನೋದೇ ಸುಳ್ಳು. ನಿಜವಾಗಿ ಮುಗಿದಿದ್ದು ಎಂಟು ಲಕ್ಷದ ಹದಿನೈದು ಸಾವಿರಕ್ಕೆ. ಬೇಕಾದ್ರೆ ತೋರಿಸ್ತೀನಿ.’

‘ಸರಿ ಬಿಡಿ ಸರ್, ಹಾಗಾದ್ರೆ ನಿಮಗೋಸ್ಕರ ಎಂಟುನೂರ ಹದಿನೈದೇ ಬರ್ಕೋತೀವಿ.’ ಹುಡುಗ ಅಂಕಿಯಲ್ಲಿ 815 ಎಂದು ಬರೆದು, ಪೆನ್ನು ಎತ್ತಿ ಹಿಡಿದು ಕೇಳಿದ: ‘ದೇವರ ದುಡ್ಡು ಸರ್, ಒಂದು ಸೇರಿಸಲಾ?’

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿಯ ಧ್ವನಿ ಬಂತು: ‘ಸೇರಿಸ್ಕೊಳ್ಳಿ. ಅವರ ಲೆಕ್ಕದಲ್ಲಿ ಅಲ್ಲೊಂದು ಒಂದು ಇತ್ತಂತೆ.’

ಹುಡುಗ ಸೇರಿಸಿದ, ಮುಂದುಗಡೆ.